ಗೊತ್ತು, ಆದ್ರೆ ಶುರುವಾಗಲ್ಲ: ಮೂವತ್ತಾರಕ್ಕೆ ಎಡಿಎಚ್‌ಡಿ ಅಂತ ಗೊತ್ತಾದ ಕಥೆ

ಸ್ಕೂಟರ್‌ಗೆ ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟು, ಹಳೇ ಕಂಪನಿ ಪಿಎಫ್ ಟ್ರಾನ್ಸ್‌ಫರ್, ಗ್ಯಾಸ್ ಕೆವೈಸಿ, ಹಲ್ಲಿನ ಡಾಕ್ಟ್ರು, ಸೋದರತ್ತೆಗೆ ವಾಪಸ್ ಫೋನು. ಇವು ಒಂದೊಂದೂ ಅರ್ಧ ಗಂಟೆ ಕೆಲಸ, ಕೆಲವು ಹತ್ತೇ ನಿಮಿಷ. ಇವು ನನ್ನ ಫೋನಿನ ನೋಟ್ಸಲ್ಲಿ ಎಷ್ಟು ಕಾಲದಿಂದ ಕೂತಿದ್ವು ಅಂದ್ರೆ, ಮಧ್ಯದಲ್ಲಿ ನಾನು ಫೋನೇ ಬದಲಾಯಿಸಿದೀನಿ, ಲಿಸ್ಟು ಮಾತ್ರ ಹೊಸ ಫೋನಿಗೂ ಜೊತೆಗೇ ಬಂತು. ನಂಬರ್ ಪ್ಲೇಟಿನ ಗಡುವು 2023ರ ನವೆಂಬರಿಂದ ಮುಂದಕ್ಕೆ ಹೋಗ್ತಾನೇ ಇತ್ತಲ್ಲ, ಪ್ರತಿ ಸಲ ಪೇಪರಲ್ಲಿ ನೋಡ್ದಾಗ ಸರ್ಕಾರ ನನ್ನೊಬ್ಬಳಿಗೋಸ್ಕರಾನೇ ಇದನ್ನ ಮಾಡ್ತಿದೆಯೇನೋ ಅನ್ಸೋದು.

ಇದನ್ನ ಓದಿ "ಎಲ್ರೂ ಹಂಗೇ ಅಲ್ವೇನ್ರೀ, ನಂದೂ ಪಿಎಫ್ ಪೆಂಡಿಂಗಿದೆ" ಅಂತ ನೀವು ಅಂದ್ಕೊಂಡಿರ್ತೀರ. ಗೊತ್ತು, ನಂಗೆ ಎಲ್ರೂ ಅದನ್ನೇ ಹೇಳಿದ್ರು. ವ್ಯತ್ಯಾಸ ಏನು ಅಂದ್ರೆ, ನಾನು ಆ ಕೆಲಸ ಮರೆತು ಹಾಯಾಗಿ ಟಿವಿ ನೋಡ್ತಾ ಕೂತಿರ್ತಿರ್ಲಿಲ್ಲ. ಶನಿವಾರ ಬೆಳಗ್ಗೆ ಎದ್ದು ಇವತ್ತು ಮುಗಿಸ್ಲೇಬೇಕು ಅಂತ ಲ್ಯಾಪ್‌ಟಾಪ್ ತೆಗೆದು, ಕಾಫಿ ಪಕ್ಕ ಇಟ್ಕೊಂಡು, ಲಾಗಿನ್ ಪೇಜ್ ತೆಗೆದು, ಅಲ್ಲೇ ಕೂತಿರ್ತಿದ್ದೆ. ಪಾಸ್‌ವರ್ಡ್ ಮರೆತಿರುತ್ತೆ, ಅದಕ್ಕೆ ಒಟಿಪಿ ಬೇಕು, ಒಟಿಪಿ ಹಳೇ ನಂಬರಿಗೆ ಹೋಗುತ್ತೆ, ಆ ಸಿಮ್ ಎಲ್ಲಿದೆ, ಸಿಮ್ ಹುಡುಕೋಕೆ ಡ್ರಾಯರ್ ತೆಗೀಬೇಕು, ಡ್ರಾಯರ್ ಕ್ಲೀನ್ ಮಾಡ್ಬೇಕಿತ್ತಲ್ಲ, ಅಷ್ಟರಲ್ಲಿ ಆಫೀಸಿನ ಮೇಲ್ ಒಂದು ನೆನಪಾಗುತ್ತೆ. ಮೆಜೆಸ್ಟಿಕ್‌ನಲ್ಲಿ ಎಲ್ಲಾ ಪ್ಲಾಟ್‌ಫಾರ್ಮಿನ ಕಂಡಕ್ಟರ್‌ಗಳೂ ಒಟ್ಟಿಗೆ ಕೂಗ್ತಾ ಇದ್ರೆ ಯಾವ ಬಸ್ಸೂ ಹತ್ತದೆ ನಡುವೆ ನಿಂತ್ಬಿಡ್ತೀವಲ್ಲ, ಹಂಗೆ. ಮಧ್ಯಾಹ್ನ ಎರಡಾಗಿರುತ್ತೆ, ಕಾಫಿ ತಣ್ಣಗಾಗಿರುತ್ತೆ, ಏನೂ ಆಗಿರಲ್ಲ, ಆದ್ರೆ ಇಡೀ ದಿನ ಕಲ್ಲು ಹೊತ್ತಷ್ಟು ಸುಸ್ತು. ಸೋಮಾರಿಗಳಿಗೆ ಈ ಸುಸ್ತು ಇರಲ್ಲ ರೀ, ಅವ್ರು ಆರಾಮಾಗಿರ್ತಾರೆ. ಇದು ಎಡಿಎಚ್‌ಡಿ, ಅಂದ್ರೆ ಗಮನ ನಿಲ್ಲಿಸೋಕೆ, ಕೆಲಸ ಶುರು ಮಾಡೋಕೆ ಕಷ್ಟ ಆಗೋ, ಚಿಕ್ಕಂದಿನಿಂದ ಇರೋ ಮೆದುಳಿನ ತೊಂದರೆ ಅಂತ ನಂಗೆ ಗೊತ್ತಾಗಿದ್ದು ಬಹಳ ಆಮೇಲೆ.

ವಿಚಿತ್ರ ಏನಂದ್ರೆ ಆಫೀಸಲ್ಲಿ ನಂಗೆ ಒಳ್ಳೆ ಹೆಸರಿತ್ತು. ಏನಾದ್ರೂ ಹೊತ್ಕೊಂಡು ಉರೀತಿದ್ರೆ ನನ್ನನ್ನೇ ಕರೆಯೋರು, ರಾತ್ರಿ ಹನ್ನೊಂದಕ್ಕೆ ಕ್ಲೈಂಟ್ ಕೂಗಾಡ್ತಿದ್ರೆ ನನ್ನ ತಲೆ ಬಹಳ ಚೆನ್ನಾಗಿ ಓಡುತ್ತೆ. ನಿಧಾನವಾಗಿ, ಯಾರೂ ಕೇಳದೇ ಇರೋ, ಮುಂದಿನ ತಿಂಗಳು ಬೇಕಾಗೋ ಕೆಲಸ ಕೊಟ್ರೆ ಮುಗೀತು ಕಥೆ. ಅಮ್ಮ ಇದನ್ನ "ಬೆಂಕಿ ಬಿದ್ದಾಗ ಬಾವಿ ತೋಡ್ತಾಳೆ" ಅಂತಿದ್ರು. ಅಕ್ಕ ಇನ್ನೂ ಒಂದು ಕೈ ಮುಂದೆ ಹೋಗಿ "ನಿನ್ನ ರೂಮಿನ ಬಾಗಿಲ ಮೇಲೆ ನಾಳೆ ಬಾ ಅಂತ ಬರೆಸಿಡು ಕಣೆ, ದೆವ್ವ ಅಲ್ಲ, ಕೆಲಸಾನೇ ವಾಪಸ್ ಹೋಗ್ಲಿ" ಅಂತ ನಗ್ತಿದ್ಲು. ನಾನೂ ನಗ್ತಿದ್ದೆ.

ನಗು ನಿಂತಿದ್ದು ಒಂದು ಅಪ್ರೈಸಲ್ ಸೀಸನ್ನಲ್ಲಿ. ನನ್ನ ಬಗ್ಗೆ ನಾನೇ ಒಂದು ಪುಟ ಬರ್ದು ಕೊಡ್ಬೇಕಿತ್ತು, ಮ್ಯಾನೇಜರ್ ಒಳ್ಳೆಯವ್ರು, ಗಡುವು ಮುಂದೂಡಿ ಮುಂದೂಡಿ ಕೊಟ್ರು, ನಂಗೆ ಒಂದು ವಾಕ್ಯ ಬರೆಯೋಕಾಗ್ಲಿಲ್ಲ. ಆ ರಾತ್ರಿ ಬಾತ್‌ರೂಮಲ್ಲಿ ನಲ್ಲಿ ಬಿಟ್ಕೊಂಡು ಅತ್ತೆ, ಮನೇಲಿ ಕೇಳಿಸ್ಬಾರ್ದು ಅಂತ. ಆಮೇಲೆ ಟೆಲಿ ಮಾನಸ್ ಅನ್ನೋ ಮಾನಸಿಕ ಆರೋಗ್ಯ ಸಹಾಯವಾಣಿಗೆ ಫೋನ್ ಮಾಡ್ದೆ. 14416, ಕೇಂದ್ರ ಸರ್ಕಾರದ್ದು, 2022ರ ಅಕ್ಟೋಬರಲ್ಲಿ ಶುರುವಾಗಿದ್ದು, ದುಡ್ಡಿಲ್ಲ, ಇಪ್ಪತ್ನಾಲ್ಕು ಗಂಟೆನೂ ಇರುತ್ತೆ, ಕನ್ನಡದಲ್ಲೇ ಮಾತಾಡ್ಬಹುದು. ನಂಗೆ ಆ ಹೊತ್ತಲ್ಲಿ ಇಂಗ್ಲಿಷಲ್ಲಿ ಅಳೋಕೆ ಶಕ್ತಿ ಇರ್ಲಿಲ್ಲ. ಆ ಕಡೆ ಒಬ್ಬ ಹೆಣ್ಣುಮಗಳು, ಮಾತು ಕೇಳಿದ್ರೆ ಹುಬ್ಬಳ್ಳಿ ಕಡೆಯವ್ರು ಅನ್ಸುತ್ತೆ, ಪೂರ್ತಿ ಕೇಳಿಸ್ಕೊಂಡು "ಇದು ಎಷ್ಟು ದಿನದಿಂದ ಹಿಂಗದ ರೀ?" ಅಂದ್ರು. ನಾನು ಬಾಯಿ ತೆಗೆದು "ಯಾವಾಗ್ಲೂ" ಅಂದೆ. ಅವ್ರು ಸ್ವಲ್ಪ ಸುಮ್ನಿದ್ದು, ಫೋನಲ್ಲಿ ಏನೂ ಹೇಳೋಕಾಗಲ್ಲ, ಆದ್ರೆ ಒಬ್ರು ಸೈಕಿಯಾಟ್ರಿಸ್ಟನ್ನ ನೋಡ್ರಿ, ಮೊದಲ ಮಾತಲ್ಲೇ ಈ "ಯಾವಾಗ್ಲೂ" ಅನ್ನೋದನ್ನ ಹೇಳ್ರಿ ಅಂದ್ರು. ಅಷ್ಟೇ ಹೇಳಿದ್ದು. ಆಮೇಲೆ ನೋಡಿದ್ರೆ ಅದೇ ಇಡೀ ವಿಷಯದ ಕೀಲಿ ಆಗಿತ್ತು.

ಇಲ್ಲಿಂದ ಮುಂದೆ ತಮಾಷೆ. ಫೋನ್ ಮಾಡಿ ಅಪಾಯಿಂಟ್‌ಮೆಂಟ್ ತಗೋಬೇಕು, ಫಾರ್ಮ್ ತುಂಬ್ಬೇಕು, ಹಳೇ ರಿಪೋರ್ಟ್ ಹುಡುಕ್ಬೇಕು, ಹೇಳಿದ ಟೈಮಿಗೆ ಹೋಗ್ಬೇಕು, ತಿಂಗಳು ತಿಂಗಳೂ ಮರೀದೆ ವಾಪಸ್ ಹೋಗ್ಬೇಕು. ಯಾವುದು ಆಗಲ್ಲ ಅಂತ ಡಾಕ್ಟ್ರ ಹತ್ರ ಹೋಗ್ಬೇಕೋ ಅದನ್ನೆಲ್ಲ ಮಾಡಿದ್ರೇನೇ ಡಾಕ್ಟ್ರು ಸಿಗೋದು. ಕಾಲು ಮುರಿದೋರಿಗೆ ಕನಿಷ್ಠ ವೀಲ್‌ಚೇರಾದ್ರೂ ಕೊಡ್ತಾರೆ.

ನಂಗೆ ಸಿಕ್ಕಿದ ವೀಲ್‌ಚೇರ್ ನಮ್ಮಕ್ಕ. ಅವಳಿಗೆ ಒಂದು ಸಾಲಿನ ಮೆಸೇಜ್ ಹಾಕ್ದೆ, "ನಂಗೆ ಡಾಕ್ಟ್ರ ಹತ್ರ ಹೋಗ್ಬೇಕು, ಫೋನ್ ಮಾಡೋಕಾಗ್ತಿಲ್ಲ, ಯಾಕೆ ಅಂತ ಕೇಳ್ಬೇಡ." ಅವಳು ಕೇಳ್ಲಿಲ್ಲ, ಅದು ಅವಳ ದೊಡ್ಡಗುಣ. ಮೊದಲು ನಿಮ್ಹಾನ್ಸ್ ಅಂತ್ಲೇ ಯೋಚಿಸಿದ್ವಿ, ಬೆಂಗಳೂರಲ್ಲಿ ಹುಟ್ಟಿ ಬೆಳೆದೋರಿಗೆ ತಲೆ ವಿಷಯ ಅಂದ್ರೆ ಹೊಸೂರು ರೋಡೇ ನೆನಪಾಗೋದು, ಬಿಟಿಎಂ ಲೇಔಟಲ್ಲಿ ಅವರದೇ ಸೆಂಟರ್ ಫಾರ್ ವೆಲ್‌ಬೀಯಿಂಗ್ ಕೂಡ ಇದೆ. ಖರ್ಚಿನ ದೃಷ್ಟಿಯಿಂದ ನೋಡಿದ್ರೆ ಅದೇ ಒಳ್ಳೇದು, ಯಾರಾದ್ರೂ ಕೇಳಿದ್ರೆ ನಾನು ಅದನ್ನೇ ಮೊದಲು ಹೇಳೋದು. ಆದ್ರೆ ನಮ್ಮ ಮನೆ ಹನುಮಂತನಗರದಲ್ಲಿ, ಜಯನಗರದಲ್ಲಿ ಒಂದು ಕ್ಲಿನಿಕ್ ಹತ್ರ ಇತ್ತು, ಸಂಜೆ ಟೈಮ್ ಕೊಡ್ತೀವಿ ಅಂದ್ರು. ಬೆಳಗ್ಗೆ ಬೇಗ ಎದ್ದು ಹೋಗೋದು ಅಂದ್ರೆ ನಾನು ಹೋಗಲ್ಲ ಅನ್ನೋದು ನಂಗೂ ಗೊತ್ತಿತ್ತು ಅಕ್ಕಂಗೂ ಗೊತ್ತಿತ್ತು, ಅದಕ್ಕೆ ಅಲ್ಲೇ ಫಿಕ್ಸ್ ಮಾಡಿದ್ಲು.

ಒಂದು ವಿಷಯ ಇಲ್ಲೇ ಹೇಳ್ಬಿಡ್ತೀನಿ, ನನ್ನ ಫ್ರೆಂಡ್ಸಲ್ಲಿ ಅರ್ಧ ಜನಕ್ಕೆ ಇದು ಗೊತ್ತಿಲ್ಲ. ಮಾತ್ರೆ ಬರೆಯೋಕಾಗೋದು ಸೈಕಿಯಾಟ್ರಿಸ್ಟ್‌ಗೆ, ಅವ್ರು ಎಂಬಿಬಿಎಸ್ ಓದಿದ ಡಾಕ್ಟ್ರು. ಕ್ಲಿನಿಕಲ್ ಸೈಕಾಲಜಿಸ್ಟು ಪರೀಕ್ಷೆ ಮಾಡ್ತಾರೆ, ಥೆರಪಿ ಕೊಡ್ತಾರೆ, ಮಾತ್ರೆ ಬರೆಯಲ್ಲ. ಬರೀ ಕೌನ್ಸೆಲರ್ ಅಂತ ಬೋರ್ಡ್ ಹಾಕ್ಕೊಂಡಿರೋರ ಹತ್ರ ಹೋದ್ರೆ ಮಾತು ಚೆನ್ನಾಗಿರ್ಬಹುದು, ಎಡಿಎಚ್‌ಡಿ ಹೌದೋ ಅಲ್ವೋ ಅನ್ನೋದು ಅಲ್ಲಿ ತೀರ್ಮಾನ ಆಗಲ್ಲ. ರೀಲ್ಸ್ ನೋಡ್ಕೊಂಡು ತೀರ್ಮಾನ ಮಾಡೋದಂತೂ ಬೇಡ್ವೇ ಬೇಡ, ಕೀ ಎಲ್ಲಿಟ್ಟೆ ಅಂತ ಮರೆತವ್ರಿಗೆಲ್ಲ ಎಡಿಎಚ್‌ಡಿ ಅನ್ನೋ ರೀಲ್ಸ್ ನಾನೂ ಬೇಕಾದಷ್ಟು ನೋಡಿದೀನಿ.

ಡಾಕ್ಟ್ರು ವಯಸ್ಸಾದವ್ರು, ನಿಧಾನ, ಹಣೆ ಮೇಲೆ ವಿಭೂತಿ. ನಾನು ರೂಮಿಗೆ ಹೋದ ಕೂಡ್ಲೇ ಎಲ್ಲಾ ಒಂದೇ ಉಸಿರಲ್ಲಿ ಹೇಳ್ಬಿಟ್ಟೆ, ಹುಬ್ಬಳ್ಳಿ ಮೇಡಂ ಹೇಳಿದ ಹಂಗೆ "ಯಾವಾಗ್ಲೂ" ಅನ್ನೋದನ್ನೂ. ಅವ್ರು ಮೊದಲು ಎಡಿಎಚ್‌ಡಿ ಬಗ್ಗೆ ಮಾತೇ ಎತ್ತಲಿಲ್ಲ. ನಿದ್ದೆ ಹೇಗಿದೆ, ಥೈರಾಯ್ಡ್ ಯಾವಾಗ ನೋಡ್ಸಿದ್ದು, ಬಿ12 ನೋಡ್ಸಿದೀರಾ, ಮನಸ್ಸಿಗೆ ಬೇಜಾರು ಎಷ್ಟು ಕಾಲದಿಂದ, ಸಾಯ್ಬೇಕು ಅನ್ನೋ ಯೋಚನೆ ಬಂದಿದ್ಯಾ, ಕುಡೀತೀರಾ, ಮನೇಲಿ ಯಾರಿಗಾದ್ರೂ ಹೃದಯದ ತೊಂದರೆ ಇದ್ಯಾ. ನಂಗೆ ಸ್ವಲ್ಪ ಸಿಟ್ಟೇ ಬಂತು, ನಾನು ಹೇಳ್ತಿರೋದೇನು ಇವ್ರು ಕೇಳ್ತಿರೋದೇನು ಅಂತ. ಅಕ್ಕ ಆಮೇಲೆ ಆಟೋದಲ್ಲಿ ವಿವರಿಸಿದ್ಲು, ಥೈರಾಯ್ಡ್ ಏರುಪೇರಾದ್ರೂ, ನಿದ್ದೆ ಕೆಟ್ರೂ, ಡಿಪ್ರೆಷನ್ ಆದ್ರೂ, ಆತಂಕ ಜಾಸ್ತಿ ಆದ್ರೂ ಗಮನ ಹೋಗುತ್ತೆ, ಕೆಲಸ ಆಗಲ್ಲ. ಅದೆಲ್ಲ ಸಾಮಾನ್ಯವಾಗಿ ಹೊಸದಾಗಿ ಬಂದಿರುತ್ತೆ. ಎಡಿಎಚ್‌ಡಿ ಹೊಸದಾಗಿ ಬರಲ್ಲ, ಅದು ಚಿಕ್ಕಂದಿನಿಂದ ಇರ್ಬೇಕು. ಈಗ ಡಾಕ್ಟ್ರುಗಳು ನೋಡೋ ಡಿಎಸ್‌ಎಂ-5 ಅನ್ನೋ ಪುಸ್ತಕದ ಪ್ರಕಾರ, 2013ರಲ್ಲಿ ಬಂದಿದ್ದು ಅದು, ಹನ್ನೆರಡು ವರ್ಷಕ್ಕೆ ಮುಂಚೇನೇ ಕೆಲವು ಲಕ್ಷಣ ಕಂಡಿರ್ಬೇಕು, ಮನೆ, ಆಫೀಸು ಹೀಗೆ ಒಂದಕ್ಕಿಂತ ಹೆಚ್ಚು ಕಡೆ ತೊಂದರೆ ಕೊಡ್ತಿರ್ಬೇಕು, ದೊಡ್ಡೋರಿಗಾದ್ರೆ ಗಮನಕ್ಕೆ ಸಂಬಂಧಪಟ್ಟ ಒಂಬತ್ತರಲ್ಲಿ ಕನಿಷ್ಠ ಐದು, ಇಲ್ಲಾ ಚಡಪಡಿಕೆ-ಆತುರಕ್ಕೆ ಸಂಬಂಧಪಟ್ಟ ಒಂಬತ್ತರಲ್ಲಿ ಕನಿಷ್ಠ ಐದು ಇರ್ಬೇಕು.

ಕ್ಲಿನಿಕ್ಕಲ್ಲಿ ಒಂದು ಫಾರ್ಮ್ ಕೊಟ್ರು, ಎಎಸ್‌ಆರ್‌ಎಸ್ ಅಂತ, ವಿಶ್ವ ಆರೋಗ್ಯ ಸಂಸ್ಥೆ ಜೊತೆ ಸೇರಿ ಮಾಡಿದ್ದು, 18 ಪ್ರಶ್ನೆ, ಅದರಲ್ಲಿ ಮೊದಲ 6 ಮುಖ್ಯ. ತುಂಬ ಯೋಚನೆ ಬೇಕಾದ ಕೆಲಸ ಬಂದಾಗ ಶುರು ಮಾಡೋದನ್ನ ಎಷ್ಟು ಸಲ ತಪ್ಪಿಸ್ತೀರ ಅಥವಾ ಮುಂದೂಡ್ತೀರ ಅನ್ನೋದು ಅದರಲ್ಲಿ ಒಂದು. ಅದನ್ನ ಓದಿದಾಗ ಯಾರೋ ನನ್ನ ಶನಿವಾರಗಳನ್ನ ಕಿಟಕಿಯಿಂದ ನೋಡ್ಬಿಟ್ಟಿದಾರೆ ಅನ್ನಿಸ್ತು. ಆದ್ರೆ ಡಾಕ್ಟ್ರು ಅದನ್ನ ನೋಡಿ ಪಕ್ಕಕ್ಕಿಟ್ರು. "ಇದು ಬಾಗಿಲಷ್ಟೇ ಅಮ್ಮ, ಒಳಗೆ ಏನಿದೆ ನೋಡ್ಬೇಕು. ಮುಂದಿನ ಸಲ ತಾಯಿನ ಕರ್ಕೊಂಡು ಬನ್ನಿ, ಸ್ಕೂಲಿನ ಮಾರ್ಕ್ಸ್‌ಕಾರ್ಡ್ ಇದ್ರೆ ತನ್ನಿ" ಅಂದ್ರು.

ಅಮ್ಮಂಗೆ ಹೇಳೋದು ದೊಡ್ಡ ಕಥೆ. ಮಾನಸಿಕ ಡಾಕ್ಟ್ರು ಅಂದ ಕೂಡ್ಲೇ ಅವ್ರ ಮೊದಲ ಪ್ರಶ್ನೆ "ಯಾರಿಗಾದ್ರೂ ಹೇಳಿದ್ಯಾ?" ಎರಡನೇ ಪ್ರಶ್ನೆ "ಊಟ ಸರಿಯಾಗಿ ಮಾಡ್ತಿದ್ಯಾ?" ಆದ್ರೆ ಮಾರ್ಕ್ಸ್‌ಕಾರ್ಡ್ ಅಂದಿದ್ದಕ್ಕೆ ಕಣ್ಣರಳಿತು. ಗಾದ್ರೇಜ್ ಬೀರುವಿನ ಕೆಳಗಿನ ಖಾನೆಯಿಂದ ಒಂದು ರೇಷ್ಮೆ ಸೀರೆ ಡಬ್ಬ ತೆಗೆದ್ರು, ಒಳಗೆ ಸೀರೆ ಇಲ್ಲ, ನಮ್ಮಿಬ್ಬರ ಒಂದನೇ ಕ್ಲಾಸಿಂದ ಹಿಡಿದು ಎಲ್ಲಾ ಕಾರ್ಡು, ವರ್ಷದ ಪ್ರಕಾರ ಜೋಡಿಸಿ, ದಾರ ಕಟ್ಟಿ. ಅಕ್ಕನ ಕಾರ್ಡುಗಳಲ್ಲಿ ಟೀಚರ್ ಷರಾ ಕಾಲಮ್ಮಲ್ಲಿ "ಉತ್ತಮ", "ಅತ್ಯುತ್ತಮ", ಮುಗೀತು. ನನ್ನದರಲ್ಲಿ ಓದೋಕೆ ಬೇಕಾದಷ್ಟಿತ್ತು. "ಜಾಣೆ, ಆದರೆ ಪಾಠದ ಕಡೆ ಗಮನವಿಲ್ಲ." "ಹೋಂವರ್ಕ್ ಅಪೂರ್ಣ." "ಕಿಟಕಿಯ ಹೊರಗೆ ನೋಡುತ್ತಾಳೆ." "ಪುಸ್ತಕ ಮರೆತು ಬರುತ್ತಾಳೆ, ಪೋಷಕರು ಗಮನಿಸಿ." ನಾಲ್ಕನೇ ಕ್ಲಾಸಿನದರಲ್ಲಿ ಬರೀ "ಇನ್ನೂ ಚೆನ್ನಾಗಿ ಮಾಡಬಹುದು" ಅಂತ. ಈ ಒಂದು ವಾಕ್ಯ ನನ್ನ ಕೊನೇ ಅಪ್ರೈಸಲ್‌ವರೆಗೂ ಬೇರೆ ಬೇರೆ ಇಂಗ್ಲಿಷಲ್ಲಿ ಬಂದಿದೆ.

ಕ್ಲಿನಿಕ್ಕಲ್ಲಿ ಅಮ್ಮನ್ನ ಬೇರೆ ಕೂರಿಸಿ ಕೇಳಿದ್ರು, ಆಮೇಲೆ ನನ್ನನ್ನೂ ಒಳಗೆ ಕರೆದ್ರು. ಅಮ್ಮ ಅಷ್ಟೊತ್ತಿಗೆ ಫುಲ್ ಫಾರ್ಮಲ್ಲಿದ್ರು. "ಇವಳು ಹಾಲು ತರೋಕೆ ಕಳ್ಸಿದ್ರೆ ಚೇಂಜ್ ತರೋಳು ಡಾಕ್ಟ್ರೇ, ಹಾಲು ತರ್ತಿರ್ಲಿಲ್ಲ. ಸ್ನಾನಕ್ಕೆ ಅಂತ ಹೋದ್ರೆ ಟವೆಲ್ ಹಿಡ್ಕೊಂಡು ಹಜಾರದಲ್ಲೇ ಪೇಪರ್ ಓದ್ತಾ ನಿಂತಿರೋಳು. ಆದ್ರೆ ಗಲಾಟೆ ಗಿಲಾಟೆ ಏನೂ ಇಲ್ಲ, ತುಂಬ ಮೌನಿ ಮಗು." ಡಾಕ್ಟ್ರು ಆಗ ಹೇಳಿದ್ದು, ಕ್ಲಾಸಲ್ಲಿ ಬೆಂಚ್ ಮೇಲೆ ಹತ್ತಿ ಕುಣಿಯೋ ಹುಡುಗನ್ನ ಎಲ್ರೂ ಗುರ್ತಿಸ್ತಾರೆ, ಸುಮ್ನೆ ಕೂತು ಒಳಗೊಳಗೇ ಎಲ್ಲೋ ಹೋಗಿರೋ ಹುಡುಗೀನ ಯಾರೂ ನೋಡಲ್ಲ, ಹೆಣ್ಣುಮಕ್ಕಳಿಗೆ ಇದು ಗೊತ್ತಾಗೋದೇ ಲೇಟು. ಮನೇಲಿ ಬೇರೆ ಯಾರಾದ್ರೂ ಹಿಂಗಿದಾರಾ ಅಂದಿದ್ದಕ್ಕೆ ಅಮ್ಮ ಒಂದು ಕ್ಷಣಾನೂ ತಡ ಮಾಡ್ದೆ "ಇವರಪ್ಪ" ಅಂದ್ರು. ಅದು ಕೂಡ ನಿಜಾನೇ, ಎಡಿಎಚ್‌ಡಿ ವಂಶದಲ್ಲಿ ಬಹಳ ಬಲವಾಗಿ ಬರುತ್ತೆ, ಎತ್ತರ ಬಂದ ಹಂಗೆ. ಮನೆಗೆ ಬಂದು ಅಪ್ಪಂಗೆ ಆ 6 ಪ್ರಶ್ನೆ ಓದಿ ಹೇಳಿದ್ರೆ, ಎಲ್ಲದಕ್ಕೂ ಹೌದು ಹೌದು ಅಂದು, "ಇದು ಎಲ್ರಿಗೂ ಇರುತ್ತಲ್ಲಮ್ಮ, ಇದ್ರಲ್ಲಿ ಕಾಯಿಲೆ ಏನಿದೆ" ಅಂತ ಎದ್ದು ಕನ್ನಡಕ ಹುಡುಕೋಕೆ ಹೋದ್ರು.

ಹೌದು, ಎಡಿಎಚ್‌ಡಿ, ಗಮನದ ಕಡೆಯದು, ಜೊತೆಗೆ ಸ್ವಲ್ಪ ಆತಂಕ ಅಂತ ಬರೆದ್ರು. ಆ ಕ್ಷಣದಲ್ಲಿ ಏನೋ ದೊಡ್ಡ ಬೆಳಕು ಬಂತು ಅಂತ ಎಲ್ರೂ ಹೇಳ್ತಾರೆ, ನಂಗೆ ಬಂದಿದ್ದು ಹಸಿವು. ಎದುರುಗಡೆ ಹೋಟ್ಲಲ್ಲಿ ಮೂರೂ ಜನ ಮಸಾಲೆ ದೋಸೆ ತಿಂದ್ವಿ. ಸಿಟ್ಟು ಬಂದಿದ್ದು ಆಮೇಲೆ, ಕೆಲವು ವಾರ ಬಿಟ್ಟು, ಬೆಂಚಿನ ಮೇಲೆ ನಿಲ್ಲಿಸಿದ್ದ ಆ ವರ್ಷಗಳೆಲ್ಲ ನೆನಪಾಗಿ.

ಈಗ ಮಾತ್ರೆ ವಿಷಯ. ನಂಗೆ ಬರೆದಿದ್ದು ಮೀಥೈಲ್‌ಫೆನಿಡೇಟ್, ಸಣ್ಣ ಡೋಸಲ್ಲಿ ಶುರು. ಹೊಸ ಔಷಧಿ ಏನಲ್ಲ ಇದು, 1944ರಲ್ಲೇ ತಯಾರಾಗಿದ್ದು. ಬರೆಯೋಕೆ ಮುಂಚೆ ಬಿಪಿ, ನಾಡಿ ನೋಡಿದ್ರು, ಇಸಿಜಿ ಮಾಡಿಸ್ಕೊಂಡು ಬನ್ನಿ ಅಂದ್ರು. ಚೀಟಿ ಕೊಡುವಾಗ ಒಂದೇ ತರದ್ದು ಎರಡು ಕೊಟ್ರು. ನಾನು ಒಂದನ್ನ ಮನೇಲಿಡೋಕೆ ಅಂದ್ಕೊಂಡೆ. ಮೊದಲನೇ ಮೆಡಿಕಲ್ ಶಾಪಲ್ಲಿ ಹುಡುಗ ಚೀಟಿ ನೋಡಿ ಇಲ್ಲ ಅಂದ. ಎರಡನೇದ್ರಲ್ಲಿ ಓನರ್ ಚೀಟೀನೂ ನೋಡಿ ನನ್ನ ಮುಖಾನೂ ನೋಡಿ "ಇದು ಇಡಲ್ಲ ಮೇಡಂ" ಅಂದ್ರು, ನಾನೇನೋ ಕದಿಯೋಕೆ ಬಂದಿರೋ ಹಂಗೆ. ಆಮೇಲೆ ಕ್ಲಿನಿಕ್ಕಿಗೇ ಫೋನ್ ಮಾಡಿದ್ರೆ ರಿಸೆಪ್ಷನ್ ಹುಡುಗಿ ಕಾರಣ ಹೇಳಿದ್ಲು. ಈ ಔಷಧಿ ಶೆಡ್ಯೂಲ್ ಎಕ್ಸ್, ಅಂದ್ರೆ ಮಾರಾಟಕ್ಕೆ ಬಿಗಿ ನಿಯಮ ಇರೋ ಔಷಧಿಗಳ ಪಟ್ಟೀದು, ಜೊತೆಗೆ ಮಾದಕ ವಸ್ತುಗಳ ಮೇಲಿನ 1985ರ ಎನ್‌ಡಿಪಿಎಸ್ ಕಾಯ್ದೆ ಪಟ್ಟೀಲೂ ಇದೆ, ಮಾರೋಕೆ ಅಂಗಡಿಗೆ ಬೇರೆ ಲೈಸೆನ್ಸ್ ಬೇಕು, ಎರಡು ಕಾಪೀಲಿ ಒಂದನ್ನ ಅಂಗಡಿಯವ್ರು ಎರಡು ವರ್ಷ ಇಟ್ಕೋಬೇಕು. ಅಕ್ಕಪಕ್ಕದ ಅಂಗಡಿಯವ್ರು ಆ ತಾಪತ್ರಯಕ್ಕೇ ಹೋಗಲ್ಲ. ಆನ್‌ಲೈನಲ್ಲಿ ತರಿಸೋ ಹಂಗೂ ಇಲ್ಲ. ದೊಡ್ಡ ಆಸ್ಪತ್ರೆಗಳ ಒಳಗಿರೋ ಫಾರ್ಮಸೀಲಿ ಕೇಳಿ ಅಂದ್ಲು, ಅಲ್ಲೇ ಸಿಕ್ತು. ಅಮೆರಿಕದಲ್ಲಿರೋ ಕಸಿನ್ ಹೇಳೋ ಆಂಫೆಟಮಿನ್ ಜಾತಿ ಮಾತ್ರೆಗಳನ್ನ ಇಲ್ಲಿ ಎಡಿಎಚ್‌ಡಿಗೆ ಕೊಡಲ್ಲ, ಆ ಹೆಸರು ಹಿಡ್ಕೊಂಡು ಹುಡುಕೋಕೆ ಹೋಗ್ಬೇಡಿ. ಮೀಥೈಲ್‌ಫೆನಿಡೇಟ್ ಆಗದೇ ಇದ್ದೋರಿಗೆ ಆಟೊಮಾಕ್ಸೆಟಿನ್ ಅಂತ ಇನ್ನೊಂದಿದೆ, ಅದಕ್ಕೆ ಇಷ್ಟು ಕಟ್ಟುನಿಟ್ಟಿಲ್ಲ, ಆದ್ರೆ ಕೆಲಸ ಮಾಡೋಕೆ ವಾರಗಟ್ಟಲೆ ತಗೊಳ್ಳುತ್ತೆ.

ಮಾತ್ರೆ ತಗೊಂಡ ಮೊದಲ ದಿನ ಏನೋ ಆಗುತ್ತೆ ಅಂತ ಕಾಯ್ಕೊಂಡು ಕೂತೆ. ಏನೂ ಆಗ್ಲಿಲ್ಲ. ಬೇಜಾರಾಗಿ ಎದ್ದು ಕಾಫಿ ಲೋಟ ತೊಳೆದಿಟ್ಟು ಬಂದೆ. ಬಂದು ಕೂತ್ಮೇಲೆ ಹೊಳೀತು, ಲೋಟ ತೊಳೆದಿಟ್ಟು ಬಂದೆ! ತೊಳೀಬೇಕು ಅನ್ನೋದಕ್ಕೂ ತೊಳೆಯೋದಕ್ಕೂ ಮಧ್ಯೆ ಇರೋ ಆ ಅರ್ಧ ದಿನದ ಚರ್ಚೆ ಇರ್ಲಿಲ್ಲ. ಬುದ್ಧಿ ಹೆಚ್ಚಾಗಿಲ್ಲ, ಉತ್ಸಾಹ ಉಕ್ಕಿಲ್ಲ, ಕಂಡಕ್ಟರ್‌ಗಳೆಲ್ಲ ಊಟಕ್ಕೆ ಹೋಗಿದ್ರು ಅಷ್ಟೇ. ಪುಕ್ಕಟೆ ಏನೂ ಇಲ್ಲ ಅನ್ನಿ, ಮಧ್ಯಾಹ್ನ ಹಸಿವೇ ಆಗಲ್ಲ, ಡಬ್ಬಿ ಉಪ್ಪಿಟ್ಟು ಹಂಗೇ ವಾಪಸ್ ಬಂದ್ರೆ ಅಮ್ಮನ ಮುಖ ನೋಡೋಕಾಗಲ್ಲ. ಬಾಯಿ ಒಣಗುತ್ತೆ. ಕಾಫಿ ಜೊತೆ ತಗೊಂಡ್ರೆ ಎದೆ ಡವಡವ, ಅದಕ್ಕೆ ಡಾಕ್ಟ್ರು ಕಾಫಿ ಅರ್ಧಕ್ಕಿಳಿಸಿ ಅಂದ್ರು, ಬಸವನಗುಡಿ ಕಡೆಯೋಳಿಗೆ ಹೇಳೋ ಮಾತಾ ಇದು. ಈಗ ಬೆಳಗ್ಗೆ ಹೊಟ್ಟೆತುಂಬ ತಿಂಡಿ ತಿಂದು ಆಮೇಲೆ ಮಾತ್ರೆ, ಕಾಫಿ ಅರ್ಧ ಲೋಟ.

ಮಾತ್ರೆ ಬಾಗಿಲು ತೆಗೆಯುತ್ತೆ, ಯಾವ ಕೋಣೆಗೆ ಹೋಗ್ಬೇಕು ಅಂತ ಹೇಳಲ್ಲ. ಒಂದಿನ ಮಾತ್ರೆ ತಗೊಂಡು ಮೂರು ಗಂಟೆ ಹೊತ್ತು ನೀಟಾಗಿ, ಗಮನ ಕೊಟ್ಟು, ಹಳೇ ಫೋಟೋಗಳನ್ನ ಫೋಲ್ಡರ್ ಪ್ರಕಾರ ಜೋಡಿಸ್ದೆ, ಪಿಎಫ್ ಅಲ್ಲೇ ಇತ್ತು. ಅದಕ್ಕೆ ಸೈಕಾಲಜಿಸ್ಟ್ ಹತ್ರ ಕಳ್ಸಿದ್ರು. ಆಕೆ ಚಿಕ್ಕ ವಯಸ್ಸಿನೋರು, ನನ್ನ ಅವೆನ್ಯೂ ರೋಡಿನ ಪ್ಲ್ಯಾನರ್‌ಗಳು, ಫೋನಿನ ಆ್ಯಪ್‌ಗಳು ಎಲ್ಲಾ ಕೇಳಿ ಜೋರಾಗಿ ನಕ್ಕರು. ರಸೆಲ್ ಬಾರ್ಕ್ಲಿ ಅಂತ ಅಮೆರಿಕದ ಮನಶ್ಶಾಸ್ತ್ರಜ್ಞರೊಬ್ರು ವರ್ಷಗಳಿಂದ ಹೇಳ್ಕೊಂಡು ಬಂದಿರೋ ಮಾತನ್ನ ಹೇಳಿದ್ರು, ಇದು ಗೊತ್ತಿಲ್ಲದೇ ಇರೋ ತೊಂದರೆ ಅಲ್ಲ, ಗೊತ್ತಿರೋದನ್ನ ಆ ಹೊತ್ತಿಗೆ ಮಾಡೋಕಾಗದೇ ಇರೋ ತೊಂದರೆ, ಹಂಗಾಗಿ ಸಹಾಯ ಕೂಡ ಕೆಲಸ ನಡೆಯೋ ಜಾಗದಲ್ಲೇ, ಕೆಲಸ ನಡೆಯೋ ಹೊತ್ತಲ್ಲೇ ಇರ್ಬೇಕು. ಪ್ಲ್ಯಾನರ್ ಬ್ಯಾಗಲ್ಲಿ ಮುಚ್ಚಿಟ್ಟಿದ್ರೆ ಅದು ಇಲ್ಲದ ಹಂಗೇ. ನಂಗೆ ಇದು ಬಹಳ ಹಿಡಿಸ್ತು, ಯಾಕಂದ್ರೆ ಹುಟ್ಟಿದಾಗಿಂದ ನಂಗೆ ಸಿಕ್ಕಿದ್ದೆಲ್ಲ ತಿಳುವಳಿಕೆ ಮಾತೇ.

ಅದರಿಂದ ಉಳಿದುಕೊಂಡಿದ್ದು ಕೆಲವೇ. ಶನಿವಾರ ಹತ್ತು ಗಂಟೆಗೆ ಅಕ್ಕಂಗೆ ವಿಡಿಯೋ ಕಾಲ್, ಅವಳು ವಿಜಯನಗರದಲ್ಲಿ ಅವಳ ಪಾಡಿಗೆ ಸೊಪ್ಪು ಬಿಡಿಸ್ತಿರ್ತಾಳೆ, ನಾನು ನನ್ನ ಪಾಡಿಗೆ ಲಾಗಿನ್ ಪೇಜ್ ತೆಗೀತೀನಿ, ಮಾತಿಲ್ಲ ಕಥೆಯಿಲ್ಲ. ಪಕ್ಕದಲ್ಲಿ ಒಬ್ರು ಇದ್ರೆ ಸಾಕು, ನನ್ನ ಕೈ ಓಡುತ್ತೆ. ಇದಕ್ಕೆ ಬಾಡಿ ಡಬ್ಲಿಂಗ್ ಅಂತ ಹೆಸರಿದ್ಯಂತೆ, ಅಮ್ಮ ಇದನ್ನ ಕೇಳಿ "ನೀನು ಎಸ್ಸೆಸ್ಸೆಲ್ಸಿ ಓದುವಾಗ ನಾನು ರಾತ್ರಿ ಪಕ್ಕದಲ್ಲಿ ಅಕ್ಕಿ ಆರಿಸ್ತಾ ಕೂರ್ತಿದ್ದೆ, ಅದಕ್ಕೆ ಯಾರು ಹೆಸರಿಟ್ರು?" ಅಂದ್ರು. ಪಿಎಫ್ ಟ್ರಾನ್ಸ್‌ಫರ್ ಆಗಿದ್ದು ಸೊಪ್ಪು ಬಿಡಿಸೋ ಹೊತ್ತಲ್ಲೇ. ಇನ್ನೊಂದು, ಮುಳ್ಳಿರೋ ದೊಡ್ಡ ಗಡಿಯಾರ ಕಣ್ಣೆದುರಿಗೆ, ಯಾಕಂದ್ರೆ ಫೋನಲ್ಲಿ ಟೈಮ್ ನೋಡೋಕೆ ಹೋದೋಳು ಯಾವಾಗ ವಾಪಸ್ ಬರ್ತೀನೋ ಗೊತ್ತಿಲ್ಲ. ಲಿಸ್ಟಲ್ಲಿ "ಪಾಸ್‌ಪೋರ್ಟ್ ರಿನ್ಯೂವಲ್" ಅಂತ ಬರೆಯೋದನ್ನ ಬಿಟ್ಟೆ, "ಪಾಸ್‌ಪೋರ್ಟ್ ಟೇಬಲ್ ಮೇಲೆ ಇಡು" ಅಂತ ಬರೀತೀನಿ, ಇವತ್ತಿಗೆ ಅಷ್ಟೇ.

ಆಫೀಸಲ್ಲಿ ಎಲ್ರಿಗೂ ಹೇಳಿಲ್ಲ, ಹೇಳ್ಬೇಕು ಅಂತ್ಲೂ ಅನ್ಸಲ್ಲ. ಮ್ಯಾನೇಜರ್‌ಗೆ ಮಾತ್ರ, ಕಾಯಿಲೆ ಹೆಸರು ಹೇಳ್ದೆ, ದೊಡ್ಡ ಕೆಲಸಕ್ಕೆ ಮಧ್ಯ ಮಧ್ಯ ಚಿಕ್ಕ ಗಡುವು ಕೊಡಿ, ಬಾಯಲ್ಲಿ ಹೇಳಿದ್ದನ್ನ ಒಂದು ಸಾಲು ಮೆಸೇಜ್ ಮಾಡಿ ಅಂತ ಕೇಳ್ದೆ, ಅವ್ರು ಟೀಮಿಗೆಲ್ಲ ಅದೇ ಪದ್ಧತಿ ಮಾಡ್ಬಿಟ್ರು. ಇನ್ಶೂರೆನ್ಸಿಂದ ಏನೂ ಸಿಗ್ಲಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ದೇಹದ ಕಾಯಿಲೆ ಹಂಗೇ ಮನಸ್ಸಿನ ಕಾಯಿಲೆಗೂ ವಿಮೆ ಕೊಡ್ಬೇಕು ಅಂತೇನೋ ಇದೆ, ಆದ್ರೆ ನನ್ನ ಪಾಲಿಸೀಲಿ ಒಪಿಡಿ ಖರ್ಚೇ ಇಲ್ಲ, ಆಸ್ಪತ್ರೇಲಿ ಮಲಗಿದ್ರೆ ಮಾತ್ರ ದುಡ್ಡು, ನನ್ನದು ಮಲಗೋ ಕಾಯಿಲೆ ಅಲ್ಲ. ಡಾಕ್ಟ್ರ ಫೀಸು, ಥೆರಪಿ, ಮಾತ್ರೆ ಎಲ್ಲಾ ಕೈಯಿಂದಾನೇ. ಪಾಲಿಸಿ ತಗೊಳೋರು ಒಪಿಡಿ ಇದ್ಯಾ ಅಂತ ಮೊದಲೇ ನೋಡ್ಕೊಳಿ.

ಹೋಗೋರಿದ್ರೆ ಮಾರ್ಕ್ಸ್‌ಕಾರ್ಡು, ಹಳೇ ಥೈರಾಯ್ಡ್ ರಿಪೋರ್ಟು, ಚಿಕ್ಕಂದಿನಿಂದ ನಿಮ್ಮನ್ನ ನೋಡಿರೋ ಒಬ್ರು, ಇಷ್ಟಿದ್ರೆ ಸಾಕು. ಹೇಳ್ಬೇಕಾಗಿರೋದನ್ನ ಫೋನಲ್ಲಿ ಬರ್ಕೊಂಡು ಹೋಗಿ, ಎದುರಿಗೆ ಕೂತಾಗ ಎಲ್ಲಾ ಮರೆತು "ಏನಿಲ್ಲ ಡಾಕ್ಟ್ರೇ ಸ್ವಲ್ಪ ಸುಸ್ತು" ಅಂದ್ಬಿಡ್ತೀವಿ. ಫೋನ್ ಮಾಡೋಕಾಗದಿದ್ರೆ ಬೇರೆಯವ್ರ ಕೈಲಿ ಮಾಡ್ಸಿ, ಅದ್ರಲ್ಲಿ ನಾಚಿಕೆ ಪಡೋ ಅಂಥದ್ದೇನಿಲ್ಲ.

ಈ ತಿಂಗಳ ಚೀಟಿ ಅಕ್ಕನ ಹತ್ರಾನೇ ಇದೆ, ಎರಡೂ ಕಾಪಿ. ಮುಂದಿನ ಸಲ ಸಂಜೆ ಹೊತ್ತಿನ ಬಗ್ಗೆ ಮಾತಾಡೋಣ ಅಂದಿದಾರೆ ಡಾಕ್ಟ್ರು, ಡೋಸ್ ಹೆಚ್ಚಿಸ್ಬೇಕೋ, ದೀರ್ಘಕಾಲ ಕೆಲಸ ಮಾಡೋ ಮಾತ್ರೆಗೆ ಬದಲಾಯಿಸ್ಬೇಕೋ ಅಂತ. ಯಾಕಂದ್ರೆ ಆರು ಗಂಟೆಗೆ ಮಾತ್ರೆ ಪ್ರಭಾವ ಇಳಿದ್ಮೇಲೆ ನಮ್ಮ ಅಡುಗೆಮನೆ ಸಿಂಕು ಈಗ್ಲೂ ಮೊದಲಿದ್ದ ಹಂಗೇ ಇರುತ್ತೆ, ಅಮ್ಮ ಬೇಕಿದ್ರೆ ಸಾಕ್ಷಿ ಹೇಳ್ತಾರೆ.